ಕೀಬೋರ್ಡ್, ಮೌಸ್, ಸ್ಕ್ಯಾನರ್ ಮಾತು ಬಿಟ್ಟಾಗ: ಇನ್‌ಪುಟ್ ಡ್ರೈವರ್ ಸಂವಹನ ದೋಷಗಳನ್ನು ಹಿಡಿಯುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಮಾಟುಂಗದ ಹೋಟೆಲಿನ ಗಲ್ಲಾ ಇರಲಿ, ಗೋವಾದ ವಾಸ್ಕೋದ ಕಿರಾಣಿ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಇರಲಿ, ಕೀಬೋರ್ಡೋ ಬಾರ್‌ಕೋಡ್ ಸ್ಕ್ಯಾನರೋ ಕೈಕೊಟ್ಟ ಕೂಡಲೇ ಬರುವ ಮೊದಲ ಸಲಹೆ ಒಂದೇ: ‘ಡ್ರೈವರ್ ಹೋಗಿದೆ, ವಿಂಡೋಸ್ ಹೊಸದಾಗಿ ಹಾಕಿಸಿ.’ ಅರ್ಧ ದಿನದ ವ್ಯಾಪಾರ ನಿಲ್ಲುತ್ತದೆ, ಮರುದಿನ ಅದೇ ತೊಂದರೆ ಮತ್ತೆ ಹಾಜರ್. ಸಾಮಾನ್ಯ ಕೀಬೋರ್ಡು, ಮೌಸುಗಳ ಡ್ರೈವರ್ (ಸಾಧನದ ಜೊತೆ ಮಾತಾಡುವ ತಂತ್ರಾಂಶ) ವಿಂಡೋಸ್ ಮತ್ತು ಲಿನಕ್ಸ್ ಜೊತೆಗೇ ಬರುತ್ತದೆ. ಅದು ತಾನಾಗಿ ಕೆಡುವುದು ಅಪರೂಪ. ಹೆಚ್ಚಿನ ಸಲ ಅದು ಸಾಧನದಿಂದ ತನಗೆ ಬರಬೇಕಾದ ಉತ್ತರ ಬರಲಿಲ್ಲ ಎಂದು ದೂರುತ್ತಿರುತ್ತದೆ, ದೂರಿನ ಜೊತೆಗೆ ಒಂದು ಸಂಖ್ಯೆಯನ್ನೂ ಕೊಡುತ್ತದೆ. ಆ ಸಂಖ್ಯೆ ಓದಲು ಬಂದರೆ ಮಾತು ಎಲ್ಲಿ ಕಡಿಯಿತು ಎಂಬುದು ತಿಳಿಯುತ್ತದೆ.

ಮೊದಲ ಭಾಗ ಕೌಂಟರಿನ ಕಂಪ್ಯೂಟರ್ ನೋಡಿಕೊಳ್ಳುವವರಿಗೆ. ಕೊನೆಯ ದೊಡ್ಡ ಭಾಗ ಪುಣೆಯ ಹಿಂಜವಡಿಯಂಥ ಐಟಿ ಪ್ರದೇಶಗಳಲ್ಲಿ ಕೂತು ಡ್ರೈವರ್ ಬರೆಯುವ, ತಿದ್ದುವ ಕನ್ನಡಿಗರಿಗೆ. ‘ಡ್ರೈವರ್ ಅಪ್‌ಡೇಟರ್’ ಎಂಬ ಹೆಸರಿನಲ್ಲಿ ಸಿಗುವ ಪುಕ್ಕಟೆ ತಂತ್ರಾಂಶಗಳು ಇಬ್ಬರಿಗೂ ಬೇಡ.

ಒಂದು ಅಕ್ಷರ ನಡೆಯುವ ದಾರಿ

ಕೀಲಿ ಒತ್ತಿದಾಗ ಕೀಬೋರ್ಡಿನ ಒಳಗಿನ ಚಿಪ್ ಒಂದು ಪುಟ್ಟ ರಿಪೋರ್ಟ್ ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ಯುಎಸ್‌ಬಿ ಸಾಧನ ತಾನಾಗಿ ಏನನ್ನೂ ಕಳಿಸುವಂತಿಲ್ಲ. ಕಂಪ್ಯೂಟರಿನ ಹೋಸ್ಟ್ ಕಂಟ್ರೋಲರ್ (ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಚಿಪ್) ನಿಗದಿತ ಅಂತರದಲ್ಲಿ ಕೇಳುತ್ತಲೇ ಇರಬೇಕು. ಕೇಳಿದಾಗ ಬಂದ ರಿಪೋರ್ಟ್ ಎಚ್‌ಐಡಿ (ಕೀಬೋರ್ಡು, ಮೌಸಿನಂಥ ಇನ್‌ಪುಟ್ ಸಾಧನಗಳ ಸಾಮಾನ್ಯ ಭಾಷೆ) ಡ್ರೈವರಿಗೆ, ಅಲ್ಲಿಂದ ಇನ್‌ಪುಟ್ ಪದರಕ್ಕೆ, ಕೊನೆಗೆ ಬಿಲ್ಲಿಂಗ್ ತಂತ್ರಾಂಶಕ್ಕೆ ಹೋಗುತ್ತದೆ. ತಂತಿ ಮತ್ತು ವಿದ್ಯುತ್ತು, ಕಂಟ್ರೋಲರ್ ಮತ್ತು ಹಬ್, ಎಚ್‌ಐಡಿ ಡ್ರೈವರ್, ಅಪ್ಲಿಕೇಶನ್ ಎಂಬ ಈ ನಾಲ್ಕರಲ್ಲಿ ಯಾವುದರ ನಡುವೆ ಮಾತು ನಿಂತಿದೆ ಎಂದು ಹುಡುಕುವುದೇ ಕೆಲಸ.

ಹಂತ 1: ಮೊದಲ ಐದು ನಿಮಿಷ

ಸಾಧನದ ಪಿನ್ ತೆಗೆದು ಹತ್ತು ಸೆಕೆಂಡ್ ಬಿಟ್ಟು, ಬೇರೆ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟುಗಳೇ ಲೇಸು. ಅವು ಮದರ್‌ಬೋರ್ಡಿಗೆ ನೇರ ಬೆಸೆದಿರುತ್ತವೆ. ಮುಂದಿನವು ಕ್ಯಾಬಿನೆಟ್ ಒಳಗಿನ ಸಣ್ಣ ವೈರ್ ಮೂಲಕ ಬರುತ್ತವೆ, ಅದೇ ಎಷ್ಟೋ ಸಲ ಕಳ್ಳ. ಹಬ್, ಎಕ್ಸ್‌ಟೆನ್ಶನ್ ಎಲ್ಲ ತೆಗೆದಿಡಿ.

ಕಂಪ್ಯೂಟರ್ ಶಟ್‌ಡೌನ್ ಮಾಡಿದರೆ ಸಾಧನವೂ ಆರುತ್ತದೆ ಎಂದು ನಂಬಬೇಡಿ. ಅನೇಕ ಮದರ್‌ಬೋರ್ಡುಗಳು ಆರಿಸಿದ ಮೇಲೂ ಯುಎಸ್‌ಬಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತವೆ, ಹೆಪ್ಪುಗಟ್ಟಿದ ಸ್ಕ್ಯಾನರ್ ಹಾಗೆಯೇ ಉಳಿಯುತ್ತದೆ. ಪಿನ್ ಕೀಳಬೇಕು, ಇಲ್ಲವೇ ಗೋಡೆಯ ಸ್ವಿಚ್ ಆರಿಸಿ ಅರ್ಧ ನಿಮಿಷ ಕಾಯಬೇಕು. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಇನ್ನೊಂದು ಗೊಂದಲ: ಶಟ್‌ಡೌನ್ ಒತ್ತಿದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಅದು ಡಿಸ್ಕಿನಲ್ಲಿ ಉಳಿಸಿ ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಪರೀಕ್ಷೆಗೆ ರೀಸ್ಟಾರ್ಟ್ ಮಾಡಿ, ಅಥವಾ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ.

ಈಗ ಬಯೋಸ್ ಪರದೆಗೆ (ಯಂತ್ರ ಆನ್ ಆದ ಕೂಡಲೇ, ವಿಂಡೋಸಿಗೂ ಮೊದಲು ತೆರೆಯಬಹುದಾದ ಸೆಟಪ್ ಪರದೆ) ಹೋಗಿ ಕೀಬೋರ್ಡ್ ಒತ್ತಿ ನೋಡಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರೇ ಇರುವುದಿಲ್ಲ. ಅಲ್ಲೂ ಕೀಲಿಗಳು ಸತ್ತಿದ್ದರೆ, ಅಥವಾ ಬಿಟ್ಟು ಬಿಟ್ಟು ಬಂದರೆ, ವಿಂಡೋಸ್ ಮರುಹಾಕುವ ಮಾತನ್ನು ಅಲ್ಲೇ ಬಿಡಿ. ಬಯೋಸಿನಲ್ಲಿ ಸರಿಯಿದ್ದು ಒಳಗೆ ಬಂದ ಮೇಲೆ ಕೆಟ್ಟರೆ ಮಾತ್ರ ತಂತ್ರಾಂಶದ ಕಡೆ ಕಣ್ಣು ಹಾಯಿಸಿ. ಆಗಲೂ ಒಂದು ಎಚ್ಚರ ಇರಲಿ: ಬಯೋಸ್ ಸಾಮಾನ್ಯವಾಗಿ ‘ಬೂಟ್ ಪ್ರೋಟೋಕಾಲ್’ ಎಂಬ ಸರಳ ಭಾಷೆಯಲ್ಲಿ ಮಾತಾಡುತ್ತದೆ, ಕೀಬೋರ್ಡಿಗೆ ಬರೀ 8 ಬೈಟಿನ ರಿಪೋರ್ಟ್. ಆಪರೇಟಿಂಗ್ ಸಿಸ್ಟಂ ಪೂರ್ಣ ರಿಪೋರ್ಟ್ ಡಿಸ್ಕ್ರಿಪ್ಟರ್ (ರಿಪೋರ್ಟಿನ ಯಾವ ಬಿಟ್ಟಿಗೆ ಏನರ್ಥ ಎಂದು ಸಾಧನವೇ ಕೊಡುವ ವಿವರಣೆ) ಓದುತ್ತದೆ. ಅಗ್ಗದ ಸಾಧನದ ಡಿಸ್ಕ್ರಿಪ್ಟರಿನಲ್ಲಿ ತಪ್ಪಿದ್ದರೆ ಬಯೋಸಿನಲ್ಲಿ ಪಾಸು, ವಿಂಡೋಸಿನಲ್ಲಿ ನಪಾಸು.

ಹಂತ 2: ತಂತಿ, ವಿದ್ಯುತ್ತು, ಉಪ್ಪುಗಾಳಿ

ಮುಂಬಯಿ, ಗೋವಾಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೇ. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರಿನವರೆಗಿನ ತೇವ, ಹಳೇ ಕಟ್ಟಡಗಳ ವೈರಿಂಗ್, ಅಡುಗೆಮನೆಯ ಎಣ್ಣೆ ಹಬೆ ಎಲ್ಲ ಸೇರಿ ಪಿನ್ನುಗಳನ್ನು ತಿನ್ನುತ್ತವೆ.

ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸಂಪರ್ಕ ಪಟ್ಟಿಗಳ ಮೇಲೆ ಹಸಿರು ಅಥವಾ ಕಪ್ಪು ಕಲೆ ಇದ್ದರೆ ತುಕ್ಕು ಹಿಡಿದಿದೆ ಎಂದರ್ಥ. ವಿದ್ಯುತ್ ಪೂರ್ತಿ ಆರಿಸಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಆನ್ ಮಾಡಿ. ಉಜ್ಜುಕಾಗದ ಬೇಡ, ಚಿನ್ನದ ತೆಳು ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಪೋರ್ಟೇ ಇರದು.

ವೋಲ್ಟೇಜ್ ಅಳೆಯಲು ಪೋರ್ಟಿಗೂ ಸಾಧನಕ್ಕೂ ನಡುವೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಮೀಟರ್ ಸಾಕು. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲೂ ಪುಣೆಯಲ್ಲಿ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲೂ ಇಂಥವನ್ನು ಕೇಳಿ ನೋಡಬಹುದು. ಯುಎಸ್‌ಬಿ 2.0 ಪೋರ್ಟಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿನ ತುದಿಯಲ್ಲಿ 4.40 ವೋಲ್ಟಿನವರೆಗೆ ಇಳಿಯಲು ಅವಕಾಶವಿದೆ. ಸ್ಕ್ಯಾನರಿನ ದೀಪ ಹೊತ್ತುವ ಕ್ಷಣದಲ್ಲೇ ಓದಬೇಕು. ಸುಮ್ಮನಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್. ಅಡಾಪ್ಟರ್ ಇಲ್ಲದ ಹಬ್ ಅದನ್ನೇ ಹಂಚಬೇಕಾದ್ದರಿಂದ ಪ್ರತಿ ಪೋರ್ಟಿಗೆ ಸಿಗುವುದು 100 ಮಿಲಿಆಂಪಿಯರ್. ಕೀಬೋರ್ಡಿಗೆ ಇಷ್ಟು ಸಾಕು, ಟಚ್‌ಸ್ಕ್ರೀನಿಗೋ ಸ್ಕ್ಯಾನರಿಗೋ ಸಾಲದೇ ಹೋಗಬಹುದು. ಅದೇ ಹಬ್ಬಿಗೆ ಮಾಣಿಯ ಮೊಬೈಲ್ ಚಾರ್ಜಿಂಗ್ ವೈರೂ ಸೇರಿದ್ದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ.

ಉದ್ದದ ಲೆಕ್ಕವೂ ಇದೆ. ಹಲವು ಕೀಬೋರ್ಡು, ಮೌಸುಗಳು 1.5 ಮೆಗಾಬಿಟ್ ವೇಗದ ಲೋ ಸ್ಪೀಡ್ ಸಾಧನಗಳು. ಅವುಗಳ ಕೇಬಲ್ ಮಿತಿ 3 ಮೀಟರ್. ಫುಲ್ ಸ್ಪೀಡ್, ಹೈ ಸ್ಪೀಡ್ ಸಾಧನಗಳಿಗೆ 5 ಮೀಟರ್. ಗಲ್ಲಾದಿಂದ ಒಳಗಿನ ಕೌಂಟರಿಗೆ ಹತ್ತು ಮೀಟರ್ ಎಳೆಯಬೇಕಿದ್ದರೆ ಸಾದಾ ಎಕ್ಸ್‌ಟೆನ್ಶನ್ನುಗಳನ್ನು ಗಂಟುಹಾಕದೆ ಚಿಪ್ ಇರುವ ಆಕ್ಟಿವ್ ಕೇಬಲ್ ಅಥವಾ ಅಡಾಪ್ಟರ್ ಇರುವ ಹಬ್ ಬಳಸಿ. ಹಬ್ಬಿನ ಹಿಂದೆ ಹಬ್ ಹಾಕಿದರೆ ಐದಕ್ಕಿಂತ ಹೆಚ್ಚು ಸಾಲಾಗಿ ಬರಬಾರದು. ಆಕ್ಟಿವ್ ಕೇಬಲ್ಲಿನ ಪ್ರತಿ ತುಂಡಿನೊಳಗೂ ಸಾಮಾನ್ಯವಾಗಿ ಒಂದು ಹಬ್ ಅಡಗಿರುತ್ತದೆ ಎಂಬುದು ಎಣಿಕೆಯಲ್ಲಿ ತಪ್ಪಿಹೋಗುವ ಸಂಗತಿ.

ಅರ್ಥಿಂಗ್ ಬಗ್ಗೆ: ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ಫಿಲ್ಟರ್ ಕೆಪಾಸಿಟರುಗಳ ಕಾರಣ ಕ್ಯಾಬಿನೆಟ್ಟನ್ನು ಮುಖ್ಯ ವೋಲ್ಟೇಜಿನ ಸುಮಾರು ಅರ್ಧಕ್ಕೆ ತೇಲಿಸುತ್ತದೆ. ಮುಟ್ಟಿದರೆ ಜುಂ ಎನ್ನುವುದು ಇದಕ್ಕೇ. ಆ ಸೋರಿಕೆ ಯುಎಸ್‌ಬಿ ಕವಚದ ಮೂಲಕ ಟಚ್‌ಸ್ಕ್ರೀನಿಗೆ ಹರಿದು, ಮುಟ್ಟದೇ ಕ್ಲಿಕ್ ಆಗುವುದಕ್ಕೂ ಸಾಧನ ಬಿಟ್ಟುಹೋಗುವುದಕ್ಕೂ ಕಾರಣವಾಗಬಹುದು. ಎಲೆಕ್ಟ್ರೀಷಿಯನ್ ಕೈಯಲ್ಲಿ ಸಾಕೆಟ್ ಅಳೆಸಿ: ಫೇಸ್‌ನಿಂದ ನ್ಯೂಟ್ರಲ್‌ಗೆ ಸುಮಾರು 230 ವೋಲ್ಟ್, ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್. ನಡುವಿನದ್ದು 60, 100 ಎಂದು ತೋರಿಸಿದರೆ ಮೂರನೇ ಪಿನ್ ಬರೀ ಅಲಂಕಾರಕ್ಕಿದೆ.

ಗ್ರೈಂಡರ್ ಶುರುವಾದಾಗಲೆಲ್ಲ ಮೌಸ್ ಸಾಯುತ್ತದೆಯೇ? ಮೋಟರಿನ ಸದ್ದು ವಿದ್ಯುತ್ ತಂತಿಯಲ್ಲೂ ಹರಿಯುತ್ತದೆ. ಲಿನಕ್ಸ್ ಯಂತ್ರವಾದರೆ ಲಾಗಿನಲ್ಲಿ ‘ಡಿಸೇಬಲ್ಡ್ ಬೈ ಹಬ್, ಇಎಂಐ?, ರೀ-ಎನೇಬ್ಲಿಂಗ್’ ಎಂಬರ್ಥದ ಸಾಲು ಬೀಳಬಹುದು. ಕರ್ನಲ್ಲೇ ವಿದ್ಯುತ್ಕಾಂತೀಯ ಗಲಾಟೆಯನ್ನು ಅನುಮಾನಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕೌಂಟರಿಗೆ ಬೇರೆ ವಿದ್ಯುತ್ ಲೈನ್ ಕೊಡಿ, ಯುಎಸ್‌ಬಿ ಕೇಬಲ್ಲಿಗೆ ಫೆರೈಟ್ ಉಂಗುರ ಹಾಕಿ, ಮೋಟರ್ ವೈರಿನ ಪಕ್ಕದಲ್ಲಿ ಅದನ್ನು ಎಳೆಯಬೇಡಿ.

ವೈರ್‌ಲೆಸ್ ಮೌಸ್ ಮಾತ್ರ ತಡವರಿಸುತ್ತಿದ್ದರೆ ಅದರ ಡಾಂಗಲ್ ಎಲ್ಲಿದೆ ನೋಡಿ. ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಓಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಸೋರುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಡಾಂಗಲನ್ನು ಒಂದು ಚಿಕ್ಕ ಎಕ್ಸ್‌ಟೆನ್ಶನ್ನಿನಲ್ಲಿ ದೂರ ತಂದು, ಕಪ್ಪು 2.0 ಪೋರ್ಟಿಗೆ ಹಾಕಿದರೆ ಅಷ್ಟೇ ಸಾಕಾಗಬಹುದು.

ಹಂತ 3: ವಿಂಡೋಸ್ ಹೇಳುವ ಕೋಡ್

ಡಿವೈಸ್ ಮ್ಯಾನೇಜರ್ ತೆರೆದು ಹಳದಿ ತ್ರಿಕೋನ ಇರುವ ಸಾಧನದ ಪ್ರಾಪರ್ಟೀಸ್ ನೋಡಿ.

ಕೋಡ್ 43 ಜೊತೆಗೆ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದಿದ್ದರೆ, ಸಾಧನ ತನ್ನ ಹೆಸರು, ಕುಲ ಹೇಳುವ 18 ಬೈಟಿನ ಡಿಸ್ಕ್ರಿಪ್ಟರನ್ನೂ ಕೊಡಲಾಗದೆ ಹೋಗಿದೆ. ಹೆಸರೇ ಗೊತ್ತಿಲ್ಲದ ಸಾಧನಕ್ಕೆ ಯಾವ ಡ್ರೈವರ್ ಹುಡುಕುತ್ತೀರಿ? ಎರಡನೇ ಹಂತಕ್ಕೆ ವಾಪಸ್ ಹೋಗಿ.

ಕೋಡ್ 10 ಬಂದರೆ ಸಾಧನದ ಗುರುತು ಸಿಕ್ಕಿದೆ, ಶುರುವಾಗಿಲ್ಲ. ಲ್ಯಾಪ್‌ಟಾಪ್ ಟಚ್‌ಪ್ಯಾಡಿನಲ್ಲಿ ಇದು ಹೆಚ್ಚು. ಕೋಡ್ 28 ಎಂದರೆ ಡ್ರೈವರ್ ಹಾಕಿಲ್ಲ, 39 ಎಂದರೆ ಡ್ರೈವರ್ ಕಡತ ಕೆಟ್ಟಿದೆ ಅಥವಾ ಕಾಣೆಯಾಗಿದೆ, 52 ಎಂದರೆ ಸಹಿ ಪರಿಶೀಲನೆ ಸೋತಿದೆ. ಈ ಮೂರರಲ್ಲಿ ಮಾತ್ರ ಆ ಸಾಧನದ ಡ್ರೈವರ್ ಹಾಕುವ ಕೆಲಸಕ್ಕೆ ಅರ್ಥವಿದೆ.

ಕೋಡ್ 19 ಬಂದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಖಾತೆ) ನಮೂದು ಕೆಟ್ಟಿದೆ. ಕೀಬೋರ್ಡ್ ಲಾಕರ್, ಹಳೇ ಆಂಟಿವೈರಸ್ ಇತ್ಯಾದಿ ತೆಗೆದಾಗ ಅವುಗಳ ಫಿಲ್ಟರ್ (ಮುಖ್ಯ ಡ್ರೈವರಿನ ಜೊತೆ ಕೂರುವ ಸಹಾಯಕ ಡ್ರೈವರ್) ಹೆಸರು ಉಳಿದುಹೋಗಿರುವುದು ಸಾಮಾನ್ಯ ಕಾರಣ. ರಿಜಿಸ್ಟ್ರಿಯಲ್ಲಿ ಕೀಬೋರ್ಡ್ ಕ್ಲಾಸ್ ಎಂಬ ಕೀಲಿಯ (4ಡಿ36ಇ96ಬಿ ಎಂದು ಶುರುವಾಗುವುದು) ಒಳಗೆ ‘ಅಪ್ಪರ್‌ಫಿಲ್ಟರ್ಸ್’ ಎಂಬ ಮೌಲ್ಯದಲ್ಲಿ ‘ಕೆಬಿಡಿಕ್ಲಾಸ್’ ಇರಲೇಬೇಕು. ಮೌಸ್ ಕೀಲಿ 4ಡಿ36ಇ96ಎಫ್, ಅಲ್ಲಿ ‘ಮೌಕ್ಲಾಸ್’. ಹಳೇ ಫಿಲ್ಟರಿನ ಸಾಲನ್ನಷ್ಟೇ ತೆಗೆಯಿರಿ. ಇಡೀ ಮೌಲ್ಯ ಅಳಿಸಿದರೆ ಯಾವ ಕೀಬೋರ್ಡೂ ನಡೆಯದು, ತಿದ್ದಲು ಟೈಪ್ ಮಾಡುವುದಕ್ಕೂ ಆಗದು. ಮೊದಲೇ ರಿಜಿಸ್ಟ್ರಿ ಎಕ್ಸ್‌ಪೋರ್ಟ್ ಮಾಡಿ, ರೀಸ್ಟೋರ್ ಪಾಯಿಂಟ್ ಇಟ್ಟುಕೊಳ್ಳಿ.

ಡ್ರೈವರ್ ನಿಜಕ್ಕೂ ಅಸ್ತವ್ಯಸ್ತವಾಗಿದ್ದರೆ: ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಹಾಕಿ, ಆ ಸಾಧನದ ಹಳೇ ಮಸುಕು ನಮೂದುಗಳನ್ನೂ ಸೇರಿಸಿ ಅನ್‌ಇನ್‌ಸ್ಟಾಲ್ ಮಾಡಿ, ಪಿನ್ ಕಿತ್ತು, ರೀಸ್ಟಾರ್ಟ್ ಆದ ಮೇಲೆ ಹಾಕಿ. ಕೀಬೋರ್ಡ್ ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಮೌಸಾದರೂ ನಡೆಯುತ್ತಿರಲಿ. ಪ್ರಾಪರ್ಟೀಸಿನ ‘ಈವೆಂಟ್ಸ್’ ಟ್ಯಾಬಿನಲ್ಲಿ ಯಾವಾಗ ಏನಾಯಿತು ಎಂಬ ಕಾಲಾನುಕ್ರಮ ಸಿಗುತ್ತದೆ; ಆ ಗಂಟೆಗಳನ್ನು ಗ್ರೈಂಡರ್ ಓಡಿದ ಗಂಟೆಗಳ ಜೊತೆ ಹೋಲಿಸಿ.

ಬೆಳಿಗ್ಗೆ ಅಥವಾ ಮಧ್ಯಾಹ್ನ ಬಿಡುವಿನ ನಂತರ ಮಾತ್ರ ತೊಂದರೆಯಾದರೆ ವಿದ್ಯುತ್ ಉಳಿತಾಯದ ಕಡೆ ನೋಡಿ. ಪವರ್ ಆಪ್ಷನ್ಸಿನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ನಿಲ್ಲಿಸಿ. ರೂಟ್ ಹಬ್ ಪ್ರಾಪರ್ಟೀಸಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಕೊಟ್ಟ ಅನುಮತಿಯ ಟಿಕ್ ತೆಗೆಯಿರಿ.

ಹಂತ 4: ಲಿನಕ್ಸ್ ಲಾಗಿನ ಮೈನಸ್ ಸಂಖ್ಯೆಗಳು

ಟರ್ಮಿನಲ್ಲಿನಲ್ಲಿ ಕರ್ನಲ್ ಲಾಗ್ ತೋರಿಸುವ ಡಿ-ಎಂ-ಇ-ಎಸ್-ಜಿ ಕಮಾಂಡನ್ನು ‘ಮೈನಸ್ ಡಬ್ಲ್ಯೂ’ ಸೇರಿಸಿ ಓಡಿಸಿ, ಬಿಟ್ಟಿಡಿ, ಸಾಧನ ಹಾಕಿ. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿಗೆ ‘ಮೈನಸ್ ಟಿ’ ಕೊಟ್ಟರೆ ಯಾವ ಸಾಧನ ಯಾವ ಹಬ್ಬಿನ ಹಿಂದಿದೆ, ಯಾವ ವೇಗದಲ್ಲಿದೆ, ಯಾವ ಡ್ರೈವರ್ ಹಿಡಿದಿದೆ ಎಂಬ ಮರ ಕಾಣುತ್ತದೆ.

ಮೈನಸ್ 71 ಪ್ರೋಟೋಕಾಲ್ ದೋಷ: ಉತ್ತರ ಬರಲಿಲ್ಲ, ಅಥವಾ ಕಲಸುಮೇಲೋಗರವಾಗಿ ಬಂತು. ಕಂಟ್ರೋಲರ್ ಸಾಮಾನ್ಯವಾಗಿ ಮೂರು ಸಲ ಯತ್ನಿಸಿ ಸೋತ ಮೇಲೆಯೇ ಇದು ಡ್ರೈವರಿಗೆ ತಲುಪುತ್ತದೆ. ಆದ್ದರಿಂದ ಒಂದೇ ಒಂದು ಸಾಲು ಕಂಡರೂ ತಂತಿಯ ಗತಿ ಚೆನ್ನಾಗಿಲ್ಲ ಎಂದೇ ತಿಳಿಯಿರಿ. ಮೈನಸ್ 84 ಸಿಆರ್‌ಸಿ (ಬಂದ ದತ್ತಾಂಶ ಕೆಟ್ಟಿಲ್ಲವೆಂದು ನೋಡುವ ತಾಳೆ ಸಂಖ್ಯೆ) ಹೊಂದದಿರುವುದು, ಅದೂ ತಂತಿಯದೇ. ಮೈನಸ್ 110 ಕಾಲ ಮೀರಿದ್ದು: ಸಾಧನದ ಫರ್ಮ್‌ವೇರ್ ಹೆಪ್ಪುಗಟ್ಟಿರಬಹುದು, ವಿದ್ಯುತ್ ಸಾಲದಿರಬಹುದು. ಮೈನಸ್ 32 ಸ್ಟಾಲ್: ಸಾಧನ ಬದುಕಿದೆ, ಈ ಕೋರಿಕೆ ನನಗೆ ಒಗ್ಗದು ಎನ್ನುತ್ತಿದೆ. ಇದೊಂದರಲ್ಲಿ ಕೇಬಲ್ ಬದಲಿಸಿ ಪ್ರಯೋಜನ ಕಡಿಮೆ. ಮೈನಸ್ 75 ಎಂದರೆ ಕೇಳಿದ್ದಕ್ಕಿಂತ ಹೆಚ್ಚು ಬೈಟ್ ಸುರಿದಿದೆ. ಮೈನಸ್ 19 ಸಾಧನವೇ ಇಲ್ಲ.

‘ಡಿಸ್ಕ್ರಿಪ್ಟರ್ ರೀಡ್/64’ ಎಂಬ ಸಾಲಿನಲ್ಲಿ ಮೈನಸ್ 71 ಅಥವಾ 110 ಬರುತ್ತಿದ್ದು, ಅದೇ ಸಾಧನ ಬೇರೆ ಯಂತ್ರದಲ್ಲಿ ನಡೆದರೆ, ಯುಎಸ್‌ಬಿಕೋರ್ ಮಾಡ್ಯೂಲಿನ ‘ಓಲ್ಡ್ ಸ್ಕೀಮ್ ಫಸ್ಟ್’ ಆಯ್ಕೆಯನ್ನು 1 ಮಾಡಿ ನೋಡಬಹುದು. ಎರಡು ಸೆಕೆಂಡ್ ಕೈಬಿಟ್ಟರೆ ಮೌಸ್ ಮಲಗುವುದಾದರೆ, ವಿದ್ಯುತ್ ಉಳಿಸುವ ಪವರ್‌ಟಾಪ್ ಅಥವಾ ಟಿಎಲ್‌ಪಿ ತಂತ್ರಾಂಶ ಅದಕ್ಕೆ ಆಟೋಸಸ್ಪೆಂಡ್ ಹಚ್ಚಿರಬಹುದು. ಆ ಸಾಧನದ ಸಿಸ್‌ಎಫ್‌ಎಸ್ (/sys) ಕಡತಕೋಶದ ‘ಪವರ್/ಕಂಟ್ರೋಲ್’ ಕಡತದಲ್ಲಿ ‘ಆನ್’ ಬರೆಯಿರಿ.

ಲಾಗ್ ಶುದ್ಧವಾಗಿದ್ದರೆ, ಬರುವ ಇನ್‌ಪುಟ್ ಘಟನೆಗಳನ್ನು ತೋರಿಸುವ ಇವಿಟೆಸ್ಟ್ ಓಡಿಸಿ ಕೀಲಿ ಒತ್ತಿ. ಅಲ್ಲಿ ಘಟನೆ ಕಂಡು ಅಪ್ಲಿಕೇಶನ್ನಿನಲ್ಲಿ ಕಾಣದಿದ್ದರೆ ಸಂವಹನ ಸರಿ ಇದೆ, ಡ್ರೈವರ್ ನಿರ್ದೋಷಿ.

ಪಿಎಸ್/2 ಮತ್ತು ಟಚ್‌ಪ್ಯಾಡ್

ಮೌಸ್ ಬಾಣ ಮೂಲೆಗೆ ಹಾರಿ ತಾನೇ ಕ್ಲಿಕ್ ಮಾಡತೊಡಗಿದರೆ ಪಿಎಸ್/2ರಲ್ಲಿ (ಹಳೇ ದುಂಡನೆಯ ಕೀಬೋರ್ಡ್, ಮೌಸ್ ಪೋರ್ಟ್) ಒಂದು ಬೈಟ್ ಕಳೆದಿದೆ. ಮೂಲ ಪ್ಯಾಕೆಟ್ 3 ಬೈಟ್. ಒಂದು ಹೋದರೆ ಮುಂದಿನವೆಲ್ಲ ಜರುಗಿ, ಚಲನೆಯನ್ನು ಬಟನ್ ಎಂದು ಓದುತ್ತದೆ. ಮೊದಲ ಬೈಟಿನ ಮೂರನೇ ಬಿಟ್ (ಸೊನ್ನೆಯಿಂದ ಎಣಿಸಿ) ಸದಾ 1 ಇರುವುದರಿಂದ ಡ್ರೈವರ್ ತಪ್ಪು ಹಿಡಿದು ‘ಲಾಸ್ಟ್ ಸಿಂಕ್ರೊನೈಸೇಶನ್’ ಎನ್ನುತ್ತದೆ. ಕೆವಿಎಂ ಸ್ವಿಚ್ (ಒಂದೇ ಕೀಬೋರ್ಡು, ಮೌಸನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆ) ಇದ್ದರೆ ಮೊದಲು ಅದನ್ನು ತೆಗೆದು ನೋಡಿ. ಯಂತ್ರ ಆನ್ ಇರುವಾಗ ಪಿಎಸ್/2 ಪಿನ್ ಕೀಳಬೇಡಿ.

ಈಚಿನ ಟಚ್‌ಪ್ಯಾಡ್‌ಗಳು ಬಹುತೇಕ ಐ2ಸಿ (ಮದರ್‌ಬೋರ್ಡಿನ ಚಿಪ್‌ಗಳ ನಡುವಿನ ಸಣ್ಣ ಬಸ್) ಮೇಲೆ ಎಚ್‌ಐಡಿ ಮಾತಾಡುತ್ತವೆ. ಸಾಧನ ಇಂಟರಪ್ಟ್ ಗೆರೆ ಎಳೆಯದಿದ್ದರೆ ರೀಸೆಟ್ ಕಾಲ ಮೀರಿ ಕೋಡ್ 10. ಚಾರ್ಜರ್ ತೆಗೆದು, ಪೂರ್ತಿ ಆರಿಸಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿಯಿರಿ. ಆಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಬಯೋಸ್ ಮತ್ತು ಚಿಪ್‌ಸೆಟ್‌ನ ಸೀರಿಯಲ್ ಐಓ ಡ್ರೈವರ್ ಹಾಕಿ. ಟಚ್‌ಪ್ಯಾಡ್ ಡ್ರೈವರ್ ಎಷ್ಟು ಸಲ ಹಾಕಿದರೂ ಕೆಳಗಿನ ಬಸ್ ಎದ್ದಿರದಿದ್ದರೆ ವ್ಯರ್ಥ.

ಡ್ರೈವರ್ ಬರೆಯುವವರಿಗೆ

ಯುಎಸ್‌ಬಿ ಇಂಟರಪ್ಟ್ ಯುಆರ್‌ಬಿಯ (ಲಿನಕ್ಸಿನಲ್ಲಿ ಡ್ರೈವರ್ ಸಲ್ಲಿಸುವ ಯುಎಸ್‌ಬಿ ಕೋರಿಕೆ) ಕಂಪ್ಲೀಶನ್ ಕಾಲ್‌ಬ್ಯಾಕಿನಲ್ಲಿ ಎಲ್ಲ ದೋಷಕ್ಕೂ ‘ಮತ್ತೆ ಸಲ್ಲಿಸು’ ಎಂಬ ಒಂದೇ ಉತ್ತರ ಬರೆದರೆ ಗಂಡಾಂತರ. ಪಿನ್ ಕಿತ್ತ ಕ್ಷಣದಲ್ಲಿ ಹಬ್ ಸುದ್ದಿ ತಿಳಿಸುವ ಮೊದಲೇ ನಿಮ್ಮ ಡ್ರೈವರಿಗೆ ಮೈನಸ್ 71 ಬರುತ್ತದೆ. ತಕ್ಷಣ ಮರುಸಲ್ಲಿಸಿದರೆ ಮತ್ತೆ 71, ಲಾಗ್ ತುಂಬಿ ಹರಿಯುತ್ತದೆ, ಸಿಪಿಯು ಒದ್ದಾಡುತ್ತದೆ.

ಲಿನಕ್ಸಿನ ಯುಎಸ್‌ಬಿಎಚ್‌ಐಡಿ ಡ್ರೈವರ್ ಮಾಡುವುದನ್ನು ನೋಡಿ ಕಲಿಯಬಹುದು. ಮೈನಸ್ 2, 104, 108 ಬಂದರೆ ಯುಆರ್‌ಬಿಯನ್ನು ನಾವೇ ರದ್ದುಮಾಡಿದ್ದೇವೆ ಅಥವಾ ಸಾಧನ ಮುಚ್ಚುತ್ತಿದೆ. ಅದು ಸುಮ್ಮನೆ ಹಿಂದಿರುಗುತ್ತದೆ. ಮೈನಸ್ 32 ಬಂದರೆ ಎಂಡ್‌ಪಾಯಿಂಟಿನ (ಸಾಧನದೊಳಗಿನ ದತ್ತಾಂಶದ ಬಾಗಿಲು) ಹಾಲ್ಟ್ ತೆರವು ಮಾಡಿ ಮುಂದುವರಿಯುತ್ತದೆ. 71, 84, 62, 110 ಬಂದರೆ 13 ಮಿಲಿಸೆಕೆಂಡ್ ಕಾದು ಮರುಯತ್ನ, ಆಮೇಲೆ 26, 52, 104, ಮುಂದೆ 104ರಲ್ಲೇ. ಒಂದು ಸೆಕೆಂಡ್ ಕಳೆದರೂ ದಾರಿಗೆ ಬರದಿದ್ದರೆ ಪೋರ್ಟ್ ರೀಸೆಟ್. ಈ ವಿನ್ಯಾಸದಲ್ಲಿ ಕ್ಷಣಿಕ ಗದ್ದಲ ಬಳಕೆದಾರನಿಗೆ ಗೊತ್ತೇ ಆಗುವುದಿಲ್ಲ, ಕಿತ್ತ ಪಿನ್ನಿಗೆ ಲಾಗ್ ಪ್ರವಾಹವೂ ಇಲ್ಲ. ಸ್ವಂತ ಲೆಕ್ಕಾಚಾರ ಹೂಡುವ ಮೊದಲು ಇದನ್ನೇ ಎತ್ತಿಕೊಳ್ಳಿ.

ಕಂಪ್ಲೀಶನ್ ಕಾಲ್‌ಬ್ಯಾಕ್ ನಿದ್ರಿಸುವಂತಿಲ್ಲ. ಹಾಲ್ಟ್ ತೆರವು, ರೀಸೆಟ್ ಎರಡೂ ನಿದ್ರಿಸುವ ಕೆಲಸಗಳು; ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲು) ಹಾಕಿ. ಡಿಸ್ಕನೆಕ್ಟ್ ಆಗುವಾಗ ಸಾಮಾನ್ಯ ತಪ್ಪು ಎಂದರೆ ಯುಆರ್‌ಬಿಯನ್ನು ಕೊಂದು ಆಮೇಲೆ ವರ್ಕ್ ರದ್ದುಮಾಡುವುದು. ನಡುವೆ ವರ್ಕ್ ಎದ್ದು ಅದೇ ಯುಆರ್‌ಬಿಯನ್ನು ಮತ್ತೆ ಸಲ್ಲಿಸಿರುತ್ತದೆ, ಮೆಮೊರಿ ಬಿಟ್ಟುಕೊಟ್ಟ ಮೇಲೆ ಕರ್ನಲ್ ಕುಸಿಯುತ್ತದೆ. ‘ಯುಎಸ್‌ಬಿ ಪಾಯಿಸನ್ ಯುಆರ್‌ಬಿ’ ಬಳಸಿದರೆ ಮರುಸಲ್ಲಿಕೆಯೇ ನಿರಾಕರಣೆಯಾಗುತ್ತದೆ.

ಕಂಟ್ರೋಲ್ ಮೆಸೇಜಿಗೆ ಟೈಮ್‌ಔಟ್ 0 ಕೊಡಬೇಡಿ. ಅದರರ್ಥ ಕೊನೆಯಿಲ್ಲದ ಕಾಯುವಿಕೆ. ಕರ್ನಲ್ಲಿನ ರೂಢಿ 5000 ಮಿಲಿಸೆಕೆಂಡ್. ಬಫರ್ ಸ್ಟ್ಯಾಕಿನಲ್ಲಿ ಇಡಬೇಡಿ, ಡಿಎಂಎಗೆ (ಸಿಪಿಯು ದಾಟಿ ಮೆಮೊರಿಗೆ ನೇರ ಬರೆಯುವ ವಿಧಾನ) ಅದು ಒಗ್ಗದು. ರಿಪೋರ್ಟ್ ಬಿಡಿಸುವ ಮೊದಲು ನಿಜಕ್ಕೂ ಬಂದ ಉದ್ದವನ್ನು ನೋಡಿ. ಅರ್ಧ ಬಂದ ರಿಪೋರ್ಟಿನ ಉಳಿದರ್ಧದಲ್ಲಿ ಹಿಂದಿನ ಸಲದ ಬೈಟುಗಳು ಕೂತಿರುತ್ತವೆ.

ಬಳಕೆದಾರನಿಗೆ ಬಹಳ ಕಾಡುವುದು ಅಂಟಿಕೊಂಡ ಕೀಲಿ. ‘ಒತ್ತಿದೆ’ ಎಂಬ ರಿಪೋರ್ಟ್ ಬಂದು ‘ಬಿಟ್ಟಿದೆ’ ಎಂಬುದು ದಾರಿಯಲ್ಲಿ ಕಳೆದರೆ ಇನ್‌ಪುಟ್ ಪದರ ಆಟೋರಿಪೀಟ್ ಹಚ್ಚುತ್ತದೆ: ಲಿನಕ್ಸ್ ಕರ್ನಲ್ಲಿನ ರೂಢಿಯಲ್ಲಿ 250 ಮಿಲಿಸೆಕೆಂಡ್ ಕಾದು, ಆಮೇಲೆ ಪ್ರತಿ 33 ಮಿಲಿಸೆಕೆಂಡಿಗೆ ಒಂದು. 40 ರೂಪಾಯಿ ಬಿಲ್ಲಿಗೆ ಸೊನ್ನೆಗಳ ಸಾಲು ಬರುವುದು ಹೀಗೆ. ಆದ್ದರಿಂದ ದೋಷದಿಂದ ರೀಸೆಟ್‌ಗೆ ಹೋಗುವ ಮೊದಲು ಒತ್ತಿದ ಎಲ್ಲ ಕೀಲಿಗಳಿಗೂ 0 ಕಳಿಸಿ ಸಿಂಕ್ ಮಾಡಿ. ಅಪ್ಲಿಕೇಶನ್ ಬರೆಯುವವರು ‘ಸಿನ್ ಡ್ರಾಪ್ಡ್’ ಘಟನೆಯನ್ನು ಕಡೆಗಣಿಸಬಾರದು. ಬಫರ್ ಉಕ್ಕಿದೆ, ಕೀಲಿಗಳ ಸ್ಥಿತಿಯನ್ನು ಹೊಸದಾಗಿ ಕೇಳಿ ಪಡೆಯಬೇಕು.

ರೀಸೆಟ್ಟಿಗೆ ಮಿತಿ ಇರಲಿ. ಒಂದೇ ಸಾಧನದಲ್ಲಿ ಕೀಬೋರ್ಡ್ ಮತ್ತು ಸ್ಕ್ಯಾನರ್ ಎರಡೂ ಇದ್ದರೆ ನಿಮ್ಮ ರೀಸೆಟ್ ಪಕ್ಕದ ಇಂಟರ್‌ಫೇಸನ್ನೂ ಬೀಳಿಸುತ್ತದೆ. ವಿಂಡೋಸಿನಲ್ಲಿ ಡಬ್ಲ್ಯೂಡಿಎಫ್‌ನ (ಡ್ರೈವರ್ ಬರೆಯುವ ಮೈಕ್ರೋಸಾಫ್ಟ್ ಚೌಕಟ್ಟು) ಕಂಟಿನ್ಯುಯಸ್ ರೀಡರ್ ಬಳಸಿದರೆ ‘ರೀಡರ್ಸ್ ಫೇಲ್ಡ್’ ಕಾಲ್‌ಬ್ಯಾಕ್ ಸಿಗುತ್ತದೆ. ಅಲ್ಲಿ ಟ್ರೂ ಮರಳಿಸಿದರೆ ಫ್ರೇಮ್‌ವರ್ಕ್ ಪೈಪ್ ರೀಸೆಟ್ ಮಾಡಿ ಓದುವಿಕೆ ಶುರುಮಾಡುತ್ತದೆ. ಎಣಿಕೆ ಇಟ್ಟುಕೊಳ್ಳದೆ ಸದಾ ಟ್ರೂ ಕೊಡಬೇಡಿ.

ಪರೀಕ್ಷೆ ಹೀಗಿರಲಿ: ಕೀಲಿ ಒತ್ತಿಹಿಡಿದೇ ಪಿನ್ ಕೀಳಿ, ಮಲಗುವ ಯಂತ್ರದಿಂದ ಕಿತ್ತು ಬೇರೆ ಪೋರ್ಟಿಗೆ ಹಾಕಿ ಎಬ್ಬಿಸಿ, ಸಾಧನ ತೆರೆದಿರುವಾಗಲೇ ಮಾಡ್ಯೂಲ್ ಇಳಿಸಲು ಯತ್ನಿಸಿ, ಅಡಾಪ್ಟರ್ ಹಬ್ಬಿನ ವಿದ್ಯುತ್ತನ್ನು ಸ್ಕ್ಯಾನ್ ನಡುವೆ ಆರಿಸಿ. ಜೊತೆಗೆ ಯುಎಸ್‌ಬಿ ಸಂಚಾರವನ್ನು ದಾಖಲಿಸುವ ಯುಎಸ್‌ಬಿಮಾನ್ ಹಚ್ಚಿ ವೈರ್‌ಶಾರ್ಕಿನಲ್ಲಿ ನೋಡುತ್ತಿದ್ದರೆ ಯಾವ ಯುಆರ್‌ಬಿ ಯಾವ ಸ್ಥಿತಿಯೊಂದಿಗೆ ಮರಳಿತು ಎಂಬುದು ಸಾಲುಸಾಲಾಗಿ ಸಿಗುತ್ತದೆ. ಗ್ರಾಹಕರ ಕಡೆಯಿಂದ ದೂರು ಬಂದಾಗ ಪರದೆಯ ಫೋಟೋ ಕೇಳುವ ಬದಲು ಈ ದಾಖಲೆಯನ್ನೂ ಕರ್ನಲ್ ಲಾಗನ್ನೂ ಕೇಳಿ. ಕೌಂಟರಿನಲ್ಲಿ ದುರಸ್ತಿ ಆಯಿತೆಂದು ಹೇಳುವ ಮುಂಚೆ ಮಧ್ಯಾಹ್ನದ ಊಟದ ಗದ್ದಲ ಮುಗಿಯುವವರೆಗೆ, ಗ್ರೈಂಡರೂ ಫ್ರಿಜ್ಜೂ ಓಡುತ್ತಿರುವಾಗ, ಲಾಗ್ ತೆರೆದೇ ಇಡಿ.